ವೈನಿ ಹೊಲಿಸುತ್ತಿದ್ದ ಅಂಗಿಗಳು

ಅಣ್ಣನನ್ನು ನೆನೆದಾಗಲೆಲ್ಲ ಅವನು ನನಗೆ ನೀಲಿ ಗೆರೆಯ ಅಂಗಿಯಲ್ಲಿ ಕಾಣುತ್ತಾನೆ. ಭಾಲ್ಕಿಯ ನಮ್ಮ ಮನೆಯ ಕಟ್ಟೆ ಇಳಿಯುತ್ತಿದ್ದಾನೆ, ಬಗಲಲ್ಲಿ ಒಂದು ಚೀಲವಿದೆ, ತಿರುಗಿ ನೋಡಿ ನನಗೇನೋ ಹೇಳುತ್ತಾನೆ. ಬಹಳ ವರ್ಷ ಈ ಚಿತ್ರವನ್ನು ನಂಬಿಕೊಂಡಿದ್ದೆ. ಹೈದರಾಬಾದಿನಲ್ಲಿ ಎಂ.ಎ. ಓದುತ್ತಿದ್ದಾಗ ದಿನಚರಿಯಲ್ಲಿ ಹಾಗೆಯೇ ಬರೆದೆ. ಮರುದಿನ ಓದಿದಾಗ ಹೊಳೆಯಿತು. ಆ ನೀಲಿ ಗೆರೆಯ ಬಟ್ಟೆಯನ್ನು ಕೊಂಡದ್ದು ಅಣ್ಣ ಹೋದ ಮೇಲೆ. ವೈನಿ ಅದನ್ನು ಬೀದರದಲ್ಲಿ ಕೊಳ್ಳುವಾಗ ನಾನೇ ಪಕ್ಕದಲ್ಲಿ ನಿಂತಿದ್ದೆ. ಅಣ್ಣ ಆ ಅಂಗಿಯನ್ನು ಒಮ್ಮೆಯೂ ತೊಟ್ಟವನಲ್ಲ.

ಅಂದರೆ ನನ್ನ ಅಣ್ಣನಿಗೆ ಆ ಅಂಗಿ ತೊಡಿಸಿದ್ದು ನನ್ನ ನೆನಪೇ. ಇನ್ನೇನೇನು ತೊಡಿಸಿದೆಯೋ ಗೊತ್ತಿಲ್ಲ. ಹಾಗಾಗಿ ಮುಂದೆ ಬರೆಯುವುದರಲ್ಲಿ ನಾನು ಕಂಡದ್ದೆಷ್ಟು, ಕೇಳಿದ್ದೆಷ್ಟು ಎಂದು ಆದಷ್ಟು ಬೇರೆ ಮಾಡಿ ಹೇಳಲು ನೋಡುತ್ತೇನೆ. ಎಲ್ಲ ಕಡೆಯೂ ಆಗಲಿಕ್ಕಿಲ್ಲ.

ವೈನಿ ಅಣ್ಣನ ಹೆಂಡತಿ. ತವರು ಔರಾದ. ಒಬ್ಬಳೇ ಮಗಳಾದ್ದರಿಂದ ಕೇಳಿದ ಬಟ್ಟೆ ಕೇಳಿದ ಕೂಡಲೇ ಸಿಕ್ಕಿ ಬೆಳೆದವರು. ನಮ್ಮದು ಕಾಳುಕಡಿಯ ಅಂಗಡಿ ಇಟ್ಟ ಮನೆ, ಕೈ ಹಿಡಿದು ಖರ್ಚು ಮಾಡುವ ಪದ್ಧತಿ. ಅಂಥ ಮನೆಗೆ ಸೊಸೆಯಾಗಿ ಬಂದ ಮೇಲೂ ವೈನಿ ಹಬ್ಬಕ್ಕೊಂದು ಸೀರೆ, ಮದುವೆಗೊಂದು ಸೀರೆ, ಯಾವುದೂ ಇಲ್ಲದಿದ್ದರೆ ಸುಮ್ಮನೆ ಒಂದು ಕುಪ್ಪಸದ ಖಣ ತರುತ್ತಿದ್ದರು. ತಮಗಷ್ಟೇ ಅಲ್ಲ. ನನಗೆ ಪರಕಾರ, ಅವ್ವನಿಗೆ ಸೀರೆ, ಅಪ್ಪನಿಗೆ ಜರದ ಅಂಚಿನ ರುಮಾಲು. ಅಪ್ಪ ಆ ರುಮಾಲನ್ನು ಒಮ್ಮೆಯೂ ಸುತ್ತಲಿಲ್ಲ. ಹಾಗಂತ ಯಾರಿಗೂ ಕೊಡಲಿಲ್ಲ.

"ಟ್ರಂಕಿನ ಮುಚ್ಚಳಾ ಕೂಡವಲ್ದು. ಇನ್ನ ಮ್ಯಾಲ ತಂದದ್ದು ಎಲ್ಲಿ ಇಡ್ತಿ, ಹಗೇವಿನ್ಯಾಗ?" ಎಂದು ಅವ್ವ ಕೇಳುತ್ತಿದ್ದಳು. ಹಗೇವೆಂದರೆ ಜೋಳ ತುಂಬಿಡುವ ನೆಲದೊಳಗಿನ ಗುಂಡಿ.

"ಜೋಳ ಖಾಲಿ ಆಗ್ಲಿ ಅತ್ತೆವ್ವ, ಇಡ್ತೇನಿ," ಎನ್ನುತ್ತಿದ್ದರು ವೈನಿ, ನಗದೆ.

ಅಣ್ಣ ಮಾತ್ರ ನಗುತ್ತಿದ್ದ. "ಬೀದರ ಬಜಾರ ಇಕಿ ಕೈಯಾಗ ಕೊಟ್ರ ಕೋಟಿ ಗ್ವಾಡಿಗಿ ಸೈತ ಕುಬಸ ಹೊಲಿಸ್ತಾಳ," ಎಂದನಂತೆ. ಅಂತೆ ಎಂದು ಬರೆಯಬೇಕಾಗಿದೆ. ಈ ಮಾತನ್ನು ಅವನ ಬಾಯಿಂದ ಕೇಳಿದೆನೋ, ಆಮೇಲೆ ವೈನಿ ಮತ್ತೆ ಮತ್ತೆ ಹೇಳಿದ್ದರಿಂದ ಕೇಳಿದಂತಾಗಿದೆಯೋ ತಿಳಿಯದು.

ಅಣ್ಣ ಉರ್ದು ಸಾಲಿಯಲ್ಲಿ ಓದಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ನಿಜಾಮರ ಕಾಲದ ಕಚೇರಿಗೆ ಧೋತರ ಉಟ್ಟು ಹೋಗುವಂತಿರಲಿಲ್ಲ. ಶೇರ್ವಾನಿ, ತಲೆಗೆ ಟೋಪಿ. ಅವನ ಹಳೆಯ ಶೇರ್ವಾನಿಯ ಮೊಳಕೈ ಸವೆದದ್ದನ್ನು ನೋಡಲಾರದೆ ವೈನಿ ಅವನನ್ನು ಬೀದರಕ್ಕೆ ಕರೆದುಕೊಂಡು ಹೋಗಿ ಕಪ್ಪು ಬಣ್ಣದ ಹೊಸದೊಂದನ್ನು ಹೊಲಿಸಿದರು. ಕೊರಳ ತನಕ ಗುಂಡಿ. ಅದನ್ನು ತೊಟ್ಟು ಅಣ್ಣ ಪಡಸಾಲೆಯಲ್ಲಿ ನಿಂತಾಗ ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಇದು ನಾನು ಕಂಡದ್ದು. ಅವ್ವನ ಕೈಗೆ ಹಿಟ್ಟು ಮೆತ್ತಿತ್ತು.

"ಇಷ್ಟ್ ಛಂದ ಆದ್ರ ನಮ್ ಸಾಹೇಬನೇ ನಂಗ ಸಲಾಮ ಮಾಡ್ತಾನ," ಎಂದ ಅಣ್ಣ.

"ಮಾಡ್ಲೇಳ್ರಿ. ಒಂದಿನಾ ಅವನೂ ಮಾಡ್ಲಿ," ಎಂದರು ವೈನಿ.

ಆ ವರ್ಷ ಪಂಚಮಿಗೆ ವೈನಿ ತವರಿಗೆ ಹೋದರು. ಹೆಣ್ಣುಮಕ್ಕಳು ಶ್ರಾವಣದಲ್ಲಿ ತವರಿಗೆ ಹೋಗುವುದು, ಜೋಕಾಲಿ ಆಡಿ ಉಂಡಿ ತಿಂದು ಬರುವುದು ನಮ್ಮಲ್ಲಿ ಎಂದೂ ತಪ್ಪುವುದಿಲ್ಲ. ನಿಜಾಮರ ಪರ ಬಡಿದಾಡುತ್ತಿದ್ದ ರಜಾಕಾರರ ಗದ್ದಲ ಜೋರಾಗಿದ್ದ ದಿನಗಳವು. ಹೋದವರು ಮರಳಿ ಬರಲು ದಾರಿ ನೆಟ್ಟಗಿರಲಿಲ್ಲ. ಔರಾದದಲ್ಲೇ ಉಳಿದರು. ಅಷ್ಟರಲ್ಲಿ ಪೊಲೀಸ್ ಆಕ್ಷನ್ ಆಯಿತು, ಮಿಲಿಟರಿ ಬಂತು, ನಿಜಾಮರ ರಾಜ್ಯ ಮುಗಿಯಿತೆಂದು ದೊಡ್ಡವರು ಕಟ್ಟೆಯ ಮೇಲೆ ಕೂತು ಮಾತಾಡಿಕೊಂಡರು. ಇನ್ನು ಹೆದರಿಕೆ ಇಲ್ಲ ಎಂದು ಅಣ್ಣ ಹೆಂಡತಿಯನ್ನು ಕರೆತರಲು ಔರಾದಕ್ಕೆ ಹೊರಟ. ಬೀದರದ ತನಕ ರೈಲು ಗಾಡಿಯಲ್ಲಿ ಹೋದ ಎಂದು ಅವ್ವ ಹೇಳುತ್ತಿದ್ದಳು. ಆ ದಿನ ಗಾಡಿ ಓಡಿತ್ತೋ ಇಲ್ಲವೋ, ಈಗ ಕೇಳಬೇಕೆಂದರೆ ಹೇಳುವವರಿಲ್ಲ.

ಅವನು ಔರಾದ ಮುಟ್ಟಲಿಲ್ಲ. ಅಪ್ಪ ಹುಡುಕುತ್ತ ಹೋದ. ನೌಬಾದದಲ್ಲಿ ಕೇಳಿದ, ಬೀದರದ ದವಾಖಾನೆಯಲ್ಲಿ ಕೇಳಿದ. ಔರಾದದ ದಾರಿಯಲ್ಲಿ ಸಂತಪುರದ ಹತ್ತಿರ ಅಂಥ ಪ್ರಾಯದವನೊಬ್ಬ ಒಬ್ಬನೇ ನಡೆದು ಹೋಗುತ್ತಿದ್ದನೆಂದು ಯಾರೋ ಹೇಳಿದರು. ಅಲ್ಲಿಂದಾಚೆಗೆ ಕಂಡೆವೆನ್ನುವವರು ಒಬ್ಬರೂ ಸಿಗಲಿಲ್ಲ.

ಆ ದಿನಗಳ ಬಗ್ಗೆ ಒಂದು ಮಾತು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಮಿಲಿಟರಿ ಬರುವ ಮುಂಚೆ ದಾರಿಯಲ್ಲಿ ಧೋತರ ಉಟ್ಟವನಿಗೆ ಹೆದರಿಕೆ ಇತ್ತು. ಬಂದ ಮೇಲೆ ಕೆಲವು ದಿನ ಅದು ತಿರುವುಮುರುವಾಯಿತು. ಶೇರ್ವಾನಿ ತೊಟ್ಟವನನ್ನು, ಟೋಪಿ ಇಟ್ಟವನನ್ನು ನಿಲ್ಲಿಸಿ ಹೆಸರು ಕೇಳುವಷ್ಟು ತಾಳ್ಮೆ ಎಲ್ಲರಿಗೂ ಇರಲಿಲ್ಲ. ಏನೂ ಮಾಡದ ಎಷ್ಟೋ ಮುಸಲ್ಮಾನರು ಹಾಗೆ ಸತ್ತರು. ನಮ್ಮ ಮನೆಗಳಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಆದರೆ ಎಲ್ಲರಿಗೂ ಗೊತ್ತಿತ್ತು.

ದೀಪಾವಳಿಯ ಹೊತ್ತಿಗೆ ವೈನಿಯನ್ನು ಅವರ ಅಪ್ಪ ಕರೆತಂದು ಬಿಟ್ಟರು. ವೈನಿ ಅಳಲಿಲ್ಲ. ನೆಟ್ಟಗೆ ಒಳಗೆ ಹೋಗಿ ಟ್ರಂಕು ತೆಗೆದು ನೋಡಿ ಬಂದರು.

"ಅತ್ತೆವ್ವ, ಶೇರ್ವಾನಿ ಎಲ್ಲದ?"

"ನಾನೇ ಅಗಸರ ಮನಿಗಿ ಹಾಕಿದ್ದೆ ಅಂತ ನೆಪ್ಪದ," ಎಂದಳು ಅವ್ವ. "ಗದ್ದಲದಾಗ ಅವರು ಊರು ಬಿಟ್ಟು ಹೋಗ್ಯಾರ."

ವೈನಿ ಅವ್ವನ ಮುಖವನ್ನೇ ನೋಡಿದರು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಅಣ್ಣ ಹೊರಟಾಗ ಕಟ್ಟೆಯ ಮೇಲೆ ಕೂತಿದ್ದವಳು ನಾನೊಬ್ಬಳೇ.

"ತಂಗಿ, ಅವತ್ತ ಅವರು ಏನ್ ಹಾಕ್ಕೊಂಡಿದ್ರು?"

ನನಗೆ ಆಗ ಒಂಬತ್ತೋ ಹತ್ತೋ. ಏನು ಹೇಳಿದೆನೆಂದು ನೆನಪಿಲ್ಲ. ಬಿಳಿ ಅಂಗಿ ಎಂದಿರಬಹುದು. ಕರೀದು ಎಂದಿರಬಹುದು. ವೈನಿ ಆ ಪ್ರಶ್ನೆಯನ್ನು ಬಿಡಲಿಲ್ಲ. ತಲೆ ಬಾಚುವಾಗ ಕೇಳುತ್ತಿದ್ದರು, ಬಾವಿಯ ಹತ್ತಿರ ಕೇಳುತ್ತಿದ್ದರು, ಮೊದಲ ಸಲ ಕೇಳುವಂತೆ ಮೆತ್ತಗೆ. ನಾನು ಕಣ್ಣು ಮುಚ್ಚಿ ಕಟ್ಟೆಯನ್ನು ನೆನೆಯುತ್ತಿದ್ದೆ. ಅಣ್ಣ ಇಳಿಯುತ್ತಿದ್ದ, ತಿರುಗುತ್ತಿದ್ದ. ಮುಖದಿಂದ ಕೆಳಗೆ ಏನೂ ಇರುತ್ತಿರಲಿಲ್ಲ.

ಅಂಗಿ ಹೊಲಿಸುವುದು ಆ ಚಳಿಗಾಲದಲ್ಲಿ ಶುರುವಾಯಿತು. ವೈನಿ ತಮಗಾಗಿ ಸೀರೆ ತರುವುದು ನಿಂತೇ ಹೋಯಿತು. ಬದಲಿಗೆ ಅಣ್ಣನಿಗೆ ಅಂಗಿ, ಧೋತರ, ಹೆಗಲ ಮೇಲಿನ ಶಲ್ಯ. "ಬರ್ತಾರ, ಬಂದಾಗ ಮೈಮ್ಯಾಲ ಹಾಕಲಿಕ್ಕ ಬೇಕಲ್ಲರಿ," ಎಂದರು. ಮೊದಲ ಅಂಗಿಗೆ ಅವ್ವ ತಾನೇ ಗುಂಡಿ ಹಚ್ಚಿಕೊಟ್ಟಳು. ನಾಲ್ಕಾರು ಆಗುವ ತನಕ ಯಾರೂ ಮಾತಾಡಲಿಲ್ಲ. ಟ್ರಂಕು ತುಂಬಿತು. ಇನ್ನೊಂದು ಟ್ರಂಕು ಬಂತು. ಮೈಮೇಲಿನ ಬಂಗಾರ ಒಂದೊಂದಾಗಿ ಕಾಣದಾದಾಗ ಅಪ್ಪ ಭಾಲ್ಕಿಯ ಜವಳಿ ಅಂಗಡಿಯವರಿಗೆ, ನಮ್ಮ ಸೊಸಿಗಿ ಉದ್ರಿ ಕೊಡಬ್ಯಾಡ್ರಿ ಎಂದು ಹೇಳಿ ಬಂದ. ವೈನಿ ಬೀದರಕ್ಕೆ ಹೋಗತೊಡಗಿದರು. ಒಬ್ಬರೇ ಹೋಗುವುದು ಸರಿಯಲ್ಲವೆಂದು ಅವ್ವ ನನ್ನನ್ನು ಜೊತೆಗೆ ಕಳಿಸುತ್ತಿದ್ದಳು. ಔರಾದದಿಂದ ಅವರ ಅಪ್ಪ ಬಂದು ಬುದ್ಧಿ ಹೇಳಿದರು, ಹೇಳಿ, ಹೋಗುವಾಗ ಮಗಳ ಕೈಯಲ್ಲಿ ಅಂಗಿಯ ಖರ್ಚಿಗೆಂದು ತಾವೇ ಏನೋ ಇಟ್ಟು ಹೋದರು. ಮಠದ ಅಯ್ಯನವರು ಬಂದಾಗ ಅಪ್ಪ ಅವರೆದುರಿಗೂ ವಿಷಯ ತೆಗೆದ. ಇಲ್ಲದವರಿಗೆ ಉಡಿಸು ತಾಯಿ, ಅದೇ ದಾಸೋಹ ಎಂದರು ಅವರು. ವೈನಿ ತಲೆಬಾಗಿ ಕೇಳಿ, ತಮ್ಮ ಸೀರೆಗಳನ್ನೆಲ್ಲ ತೆಗೆದು ಹಂಚಿಬಿಟ್ಟರು. ಅಂಗಿಗಳನ್ನು ಮುಟ್ಟಲಿಲ್ಲ.

ಅವ್ವ ಒಂದು ದಿನ ತಡೆಯಲಾರದೆ ಅಂದಳು. "ಊರಾಗ ನಗ್ತಾರವ್ವ. ಅಂಗಡಿ ಇಡಾಕಿ ಇದ್ರ ಹೇಳು, ನಿನ್ನ ಮಾವನ ಬಾಜೂಕ ಇಡು."

"ನಗಲ್ರಿ."

"ಅಂವ ಒಬ್ಬಾಂವ. ಎಷ್ಟ್ ಹಾಕ್ಕೊಂಡಾನು?"

"ಎಷ್ಟ್ ಬೇಕಾದ್ರೂ ಹಾಕ್ಕೊಳ್ಲಿ. ಅದೊಂದ ಬಿಟ್ಟು."

ಅದೊಂದು ಯಾವುದೆಂದು ಅವ್ವ ಕೇಳಲಿಲ್ಲ. ಎದ್ದು ಒಳಗೆ ಹೋದಳು.

ಬೀದರದಲ್ಲಿ ವೈನಿ ಹೋಗುತ್ತಿದ್ದದ್ದು ಹಳೇ ಊರಿನ ಒಂದು ಓಣಿಗೆ, ಆ ಶೇರ್ವಾನಿ ಹೊಲಿದ ಮುಸಲ್ಮಾನ ದರ್ಜಿಯ ಹತ್ತಿರ. ಬಜಾರಿನಲ್ಲಿದ್ದ ಅವರ ಅಂಗಡಿ ಗದ್ದಲದ ದಿನಗಳಲ್ಲಿ ಹೋಗಿತ್ತು. ಮನೆಯ ಬಾಗಿಲಲ್ಲೇ ಮಶಿನು ಇಟ್ಟುಕೊಂಡು ಹೊಲಿಯುತ್ತಿದ್ದರು. ಬೇರೆ ದರ್ಜಿಗಳು ಎಷ್ಟೋ ಜನರಿದ್ದರೂ ವೈನಿ ಅಲ್ಲಿಗೇ ಹೋಗುವುದೇಕೆಂದು ನನಗೆ ತಿಳಿಯುತ್ತಿರಲಿಲ್ಲ. ನೀಲಿ ಗೆರೆಯ ಬಟ್ಟೆ ಕೊಂಡ ದಿನ ಅಲ್ಲಿ ನಡೆದ ಮಾತು ನನಗೆ ನೆನಪಿದೆ. ಇದನ್ನು ಮಾತ್ರ ನಾನು ಕಟ್ಟಿಕೊಂಡದ್ದಲ್ಲ ಎಂದು ನಂಬುತ್ತೇನೆ, ಏಕೆಂದರೆ ಅಂದು ಅದರ ಅರ್ಥ ನನಗೆ ಆಗಿರಲೇ ಇಲ್ಲ.

"ಅಳತಿ ಅದೇ ಏನ್ ಬೇಟಿ?"

"ಅದೇರಿ ಚಾಚಾ. ಕೊರಳು ಜರಾ ತೆರದಿರ್ಲಿ. ಶಿವದಾರ ಹೊರಗ ಕಾಣಬೇಕು."

ಅವರು ಕತ್ತರಿ ಕೆಳಗಿಟ್ಟರು.

"ಶೇರ್ವಾನಿ ಕೊರಳು ಬಂದ್ ಇರ್ತದ ಬೇಟಿ. ಅದರ ದಸ್ತೂರೇ ಹಂಗ," ಎಂದರು.

"ಯಾರೂ ನಿಮಗ ಏನೂ ಅಂದಿಲ್ಲರಿ ಚಾಚಾ."

"ಅನ್ನಲಿಲ್ಲ. ಅನ್ನಲಿಲ್ಲ ನೀ." ಮತ್ತೆ ಕತ್ತರಿ ಎತ್ತಿಕೊಂಡರು. "ಇದು ಕಾಣ್ತದ. ರಸ್ತಾದ ಆ ಕಡಿ ನಿಂತವರಿಗಿ ಸೈತ ಕಾಣ್ತದ."

ನಮ್ಮವರು ಲಿಂಗವನ್ನು ಶಿವದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಾರೆ. ಧೋತರದ ಮೇಲೆ ತೊಡುವ ಅಂಗಿಯ ಕೊರಳಲ್ಲಿ ದಾರ ಕಂಡೇ ಕಾಣುತ್ತದೆ. ಕೊರಳ ತನಕ ಗುಂಡಿ ಹಾಕಿದ ಶೇರ್ವಾನಿಯೊಳಗೆ ಎದೆಯ ಮೇಲಿನ ಲಿಂಗವೂ ಕಾಣದು, ದಾರವೂ ಕಾಣದು. ಈ ಎರಡು ವಾಕ್ಯ ಬರೆಯುವಷ್ಟು ನನಗೆ ತಿಳಿದದ್ದು ಕಾಲೇಜು ಸೇರಿದ ಮೇಲೆ. ವೈನಿ ಅಷ್ಟು ವರ್ಷ ನನ್ನಿಂದ ಏನನ್ನು ಕೇಳುತ್ತಿದ್ದರು ಎಂಬುದೂ ಆಗಲೇ ತಿಳಿದದ್ದು. ಅಣ್ಣ ಇದ್ದಾನೋ ಇಲ್ಲವೋ ಎಂದಲ್ಲ. ತಾವು ಪ್ರೀತಿಯಿಂದ ಹೊಲಿಸಿದ ಬಟ್ಟೆಯೇ ಅವನನ್ನು ಕೊಂದಿತೋ ಎಂದು ಕೇಳುತ್ತಿದ್ದರು. ಕೇಳುತ್ತಿದ್ದದ್ದು ಹತ್ತು ವರ್ಷದ ಹುಡುಗಿಯನ್ನು.

ಅಂಗಿಗಳು ನಿಂತದ್ದು ಅಪ್ಪನಿಂದ. ನಿಲ್ಲಿಸಬೇಕೆಂದೇ ಅವನು ಶುರುಮಾಡಿದ, ಆದರೆ ಅವನು ಅಂದುಕೊಂಡಂತೆ ನಿಲ್ಲಲಿಲ್ಲ.

ಅಪ್ಪನ ಲೆಕ್ಕ ಅಂಗಡಿಯವನ ಲೆಕ್ಕ. ಇದ್ದ ಮಾಲು ಕರಗದೆ ಹೊಸ ಮಾಲು ತರಬಾರದು. ಒಂದು ದಿನ ಊಟಕ್ಕೆ ಕೂತಾಗ ವೈನಿಗೆ ಹೇಳಿದ. "ಮಗಳ, ನಾ ಬ್ಯಾಡ ಅನ್ನೂದಿಲ್ಲ. ಹೊಲಿಸು. ಆದ್ರ ಒಂದ್ ಸವೀಲಿ, ಆಮ್ಯಾಲ ಇನ್ನೊಂದ್ ಹೊಲಿಸು. ಟ್ರಂಕಿನ್ಯಾಗ ಇಟ್ಟದ್ದು ಸವೀತದೇನು? ಅಂವ ಬರೂ ತನಕ ನಾ ಹಾಕ್ಕೋತೇನಿ."

ವೈನಿ ಎದ್ದು ಹೋಗಿ ಎಲ್ಲಕ್ಕಿಂತ ಕೆಳಗಿದ್ದ ಒಂದು ಬಿಳಿ ಅಂಗಿಯನ್ನು ತಂದು ಅಪ್ಪನ ತಾಟಿನ ಪಕ್ಕ ಇಟ್ಟರು. "ಹುಳಿ ಕಲಿ ಬೀಳದ್ಹಂಗ ನೋಡ್ಕೋರಿ ಮಾವಾರ," ಎಂದರು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

ಅಪ್ಪ ಎತ್ತರದ ಆಳು. ಆ ಒಂದೆರಡು ವರ್ಷದಲ್ಲಿ ಬೆನ್ನು ಬಾಗಿತ್ತು. ಅಣ್ಣನ ಅಳತೆಯ ಅಂಗಿ ಅವನ ಹೆಗಲಿಗೆ ಬಿಗಿ. ತೊಟ್ಟಾಗ ಎಳೆದು ಹಿಡಿದಂತಾಗಿ ನೆಟ್ಟಗೆ ನಿಲ್ಲಬೇಕಾಗುತ್ತಿತ್ತು. ಅಂಗಡಿಗೆ ಅದನ್ನೇ ತೊಟ್ಟು ಹೋಗತೊಡಗಿದ. ಮಗನ ಅಂಗಿ ಎಂದು ಊರಲ್ಲಿ ಎಲ್ಲರಿಗೂ ಗೊತ್ತಾದರೂ ಯಾರೂ ಏನೂ ಕೇಳಲಿಲ್ಲವಂತೆ.

ಅದು ಬೇಸಿಗೆಯ ಮಧ್ಯಾಹ್ನ. ನಾನು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದೆ. ಅಪ್ಪ ಊಟಕ್ಕೆ ಬಂದವನು ಅಂಗಳದ ತಲಬಾಗಿಲಲ್ಲೇ ನಿಂತು, ಓಣಿಯ ಯಾರ ಜೊತೆಗೋ ಮಾತಾಡುತ್ತಿದ್ದ. ಬೆನ್ನು ನಮ್ಮ ಕಡೆಗಿತ್ತು. ವೈನಿ ಮೆಣಸಿನಕಾಯಿ ಒಣಹಾಕಲು ಹೊರಗೆ ಬಂದರು. ಬಂದವರು ನಿಂತರು. ಮೊರದ ತುಂಬ ಮೆಣಸಿನಕಾಯಿ ಇತ್ತು, ಅದನ್ನು ಮೆಲ್ಲಗೆ ನೆಲಕ್ಕಿಟ್ಟರು. ಒಳಗೆ ಹೋದರು. ನಾನು ತಲೆ ಎತ್ತಿ ನೋಡುವಷ್ಟರಲ್ಲಿ ತಂಬಿಗೆ ತುಂಬ ನೀರು ಹಿಡಿದು ಹೊಸ್ತಿಲ ಹತ್ತಿರ ನಿಂತಿದ್ದರು. ಸೆರಗು ತಲೆಯ ಮೇಲಿತ್ತು. ದೂರದಿಂದ ಬಂದವರಿಗೆ ಕಾಲಿಗೆ ನೀರು ಕೊಡುವುದು ನಮ್ಮ ಮನೆಗಳ ರೀತಿ. ದಿನಾ ಅಂಗಡಿಯಿಂದ ಬರುವ ಅಪ್ಪನಿಗೆ ಯಾರೂ ಹಾಗೆ ನೀರು ಹಿಡಿದು ನಿಲ್ಲುತ್ತಿರಲಿಲ್ಲ. ಅವನು ತಾನೇ ಹಿತ್ತಲಿಗೆ ಹೋಗಿ ತೊಳೆದುಕೊಳ್ಳುತ್ತಿದ್ದ.

ವೈನಿಯ ಮುಖವನ್ನು ವರ್ಣಿಸಲು ಬಹಳ ಸಲ ನೋಡಿದ್ದೇನೆ. ಬರೆದದ್ದನ್ನೆಲ್ಲ ಹೊಡೆದುಹಾಕಿದ್ದೇನೆ.

ಅಪ್ಪ ತಿರುಗಿದ. ಮೊದಲು ವೈನಿಯನ್ನು ನೋಡಿದ, ಆಮೇಲೆ ತಂಬಿಗೆಯನ್ನು. ಅವನಿಗೆ ಎಷ್ಟು ಬೇಗ ಗೊತ್ತಾಯಿತೆಂದರೆ, ನನಗೆ ಗೊತ್ತಾದದ್ದೇ ಅವನ ಮುಖ ನೋಡಿ. ಅವನು ಏನೂ ಹೇಳದೆ ನಾಲ್ಕು ಹೆಜ್ಜೆ ಬಂದು, ಚಪ್ಪಲಿ ಬಿಟ್ಟು, ಹೊಸ್ತಿಲ ಹೊರಗಿನ ಕಲ್ಲಿನ ಮೇಲೆ ನಿಂತು ಕಾಲು ಮುಂದಿಟ್ಟ. ಬೇರೆ ದಾರಿ ಇರಲಿಲ್ಲ. ವೈನಿಯ ಕೈಯಲ್ಲಿದ್ದ ತಂಬಿಗೆ ತಾನಾಗಿ ಬಾಗಿತು. ಮಗನಿಗೆಂದು ತಂದ ನೀರಿನಲ್ಲಿ ಅಪ್ಪ ಕಾಲು ತೊಳೆದುಕೊಂಡ. ಒಂದು, ಆಮೇಲೆ ಇನ್ನೊಂದು.

"ಬಿಸಿಲಾಗ ಬಂದಿದ್ದೆ. ಛಲೋ ಆತವ್ವ," ಎಂದ.

"ಹೂಂ ಮಾವಾರ," ಎಂದರು ವೈನಿ.

ಅಪ್ಪ ಒಳಗೆ ಹೋಗಿ ಅಂಗಿ ತೆಗೆದು ಗೂಟಕ್ಕೆ ಹಾಕಿದ. ಯಾಕ ತಗದ್ರಿ ಎಂದು ಅವ್ವ ಕೇಳಿದಾಗ, ಬಿಗಿ ಆಗ್ತದ ಎಂದ. ಮತ್ತೆಂದೂ ತೊಡಲಿಲ್ಲ. ವೈನಿಯೂ ಮತ್ತೆ ಅಂಗಿ ಹೊಲಿಸಲಿಲ್ಲ. ನನ್ನನ್ನು ಆ ಪ್ರಶ್ನೆ ಕೇಳುವುದನ್ನೂ ಬಿಟ್ಟರು. ಬೀದರಕ್ಕೆ ಹೋಗುವ ಮಾತೇ ಎತ್ತಲಿಲ್ಲ. ಸೊಸಿ ದಾರಿಗಿ ಬಂದಳು ಎಂದು ನೆಂಟರು ಅವ್ವನ ಹತ್ತಿರ ಅಂದಾಗ ಅವ್ವ, ಹೌದ್ರಿ, ಬಂದಳು ಎನ್ನುತ್ತಿದ್ದಳು. ಆ ಮಾತು ಕೇಳಿದಾಗ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ.

ಕೆಲವು ವರ್ಷಗಳ ಮೇಲೆ, ರಾಜ್ಯ ಒಡೆದು ನಾವು ಮೈಸೂರಿನ ಕಡೆಗೆ ಸೇರುತ್ತೇವೆ ಎಂಬ ಮಾತು ನಡೆದಿದ್ದಾಗ, ನನ್ನನ್ನು ಹೈದರಾಬಾದಿಗೆ ಓದಲು ಕಳಿಸುವುದೆಂದು ಗೊತ್ತಾಯಿತು. ಓದಿಸಬೇಕೆಂದು ಹಟ ಹಿಡಿದವರು ವೈನಿ. ನನಗೆ ಸೀರೆ ಕೊಡಿಸಲು ಅವರೇ ಬೀದರಕ್ಕೆ ಕರೆದುಕೊಂಡು ಹೋದರು. ಹೊಸ ಅಂಗಡಿ, ಹೊರಗಿನಿಂದ ಬಂದ ಯಜಮಾನ, ನಮ್ಮ ಮನೆಯ ಸುದ್ದಿ ಏನೂ ಗೊತ್ತಿಲ್ಲದವನು. ವೈನಿ ನನಗೆಂದು ಎರಡು ಸಾದಾ ಸೀರೆ ಆರಿಸಿದರು. ಸುತ್ತ ಬಿಚ್ಚಿ ಹರಡಿದ್ದ ಬಟ್ಟೆಯ ಕಡೆಗೆ ತಿರುಗಿಯೂ ನೋಡಲಿಲ್ಲ. "ವೈನಿ, ನಿಮಗೂ ಒಂದ್ ತಗೋರಿ," ಎಂದು ನಾನು ಅಂಗಲಾಚಿದೆ. "ಅದಾವಲ್ಲ ಮನ್ಯಾಗ," ಎಂದರು. ಇರಲಿಲ್ಲ.

ಅಂಗಡಿಯವನು ಅವರ ಹಣೆಯ ಕುಂಕುಮ, ಕೊರಳ ತಾಳಿ ನೋಡಿ ಕೇಳಿದ. "ಬಾಯಾರ, ಯಜಮಾನರಿಗಿ ಏನರ ತೋರಿಸ್ಲೇನ್ರಿ? ಬಾಂಬೆದು ಹೊಸಾ ಮಾಲ ಬಂದದ."

"ಅವರು ತೀರ್ಕೊಂಡಾರ್ರಿ," ಎಂದರು ವೈನಿ.

ಅವನು ಮತ್ತೊಮ್ಮೆ ಹಣೆ ನೋಡಿ ಕಣ್ಣು ಕೆಳಗೆ ಮಾಡಿದ. "ಮಾಫ್ ಮಾಡ್ರಿ," ಎಂದ.

"ಇರ್ಲಿ. ಈ ಎರಡೂ ಕಟ್ಟ್ರಿ."

ಗಂಟು ಹಿಡಿದು ಸ್ಟೇಷನ್ನಿಗೆ ಬಂದೆವು. ಗಾಡಿ ಬರುವುದು ತಡವಿತ್ತು. ನನಗೆ ಅಳು ಬಂದದ್ದನ್ನು ನೋಡಿ ವೈನಿ ನನ್ನ ತಲೆಯ ಮೇಲೆ ಕೈಯಿಟ್ಟರು.

"ಮನ್ಯಾಗ ಹೇಳಬ್ಯಾಡ ತಂಗಿ. ಮಾವಾರು ಇನ್ನಾ ದಾರಿ ನೋಡ್ತಾರ."

"ಮತ್ತ ನೀವು? ಈ ಕುಂಕುಮ?"

"ಮಾವಾರು ದಾರಿ ನೋಡ್ತಾರಲ್ಲ, ಅದಕ್ಕ ಹಚ್ಕೋತೇನಿ."

ಮನೆ ಮುಟ್ಟುವಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ನನ್ನ ಸೀರೆಗಳನ್ನು ಬಿಚ್ಚಿಸಿ ನೋಡಿ, ಛಲೋ ಅದಾವ ಎಂದ. ಗಂಟಿನಲ್ಲಿ ಇನ್ನೇನಾದರೂ ಇದೆಯೋ ಎಂದು ಕೈಯಾಡಿಸಿದ. ಆಮೇಲೆ ವೈನಿಯ ಕಡೆ ತಿರುಗಿದ.

"ನೀ ಏನೂ ತರಲಿಲ್ಲೇನವ್ವ?"

"ಇಲ್ಲ ಮಾವಾರ."

"ಅವನಿಗೂ ಏನಿಲ್ಲ?"

ವೈನಿ ಸೆರಗು ಸರಿಮಾಡಿಕೊಂಡರು.

"ಒಂದಾದ್ರೂ ತರಬೇಕಿತ್ತು ತಾಯಿ," ಎಂದ ಅಪ್ಪ. ಆ ದನಿಯಲ್ಲಿ ಅವನು ಯಾರನ್ನಾದರೂ ಬೇಡಿಕೊಂಡದ್ದನ್ನು ನಾನು ಕೇಳಿರಲಿಲ್ಲ.

"ಮುಂದಿನ ಸಲಾ ತರ್ತೇನ್ರಿ," ಎಂದರು ವೈನಿ, ಮತ್ತು ದೀಪ ಹಚ್ಚಲು ಒಳಗೆ ಹೋದರು.